ಅಪ್‌ಡೇಟ್ ಆದದ್ದು ಮ್ಯಾಪು, ಬದಲಾದದ್ದು ಬೆರಳಿನ ಬೆಲೆ

ಕಾರಿನ ಜಿಪಿಎಸ್‌ಗೆ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡ ಪ್ರತಿಯೊಬ್ಬರೂ ಕಂಪನಿಯವರನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ. ಮ್ಯಾಪು ಹೊಸದು ಮಾಡಿದಿರಿ, ಸಂತೋಷ. ಆದರೆ ಸ್ಕ್ರೀನು ನನ್ನ ಬೆರಳನ್ನು ಗುರುತಿಸುವ ರೀತಿಯನ್ನು ಬದಲಾಯಿಸಿ ಅಂತ ನಿಮಗೆ ಹೇಳಿದವರು ಯಾರು?

ಇದೇನು ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆ ಅಂದುಕೊಳ್ಳಬೇಡಿ. ಮುಂಬಯಿಯಲ್ಲಿ ಕಾರು ಓಡಿಸುವವರಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಎರಡು ಸೆಕೆಂಡಿನಲ್ಲಿ 33 ಮೀಟರ್ ದಾಟುತ್ತದೆ. ಒಂದೇ ಸಲ ಮುಟ್ಟಿದರೆ ಆಗುತ್ತಿದ್ದ ಕೆಲಸಕ್ಕೆ ಮೂರು ಸಲ ಮುಟ್ಟಬೇಕು ಅಂತಾದರೆ ಅಷ್ಟು ಹೊತ್ತು ಕಣ್ಣು ರಸ್ತೆಯ ಮೇಲಿರುವುದಿಲ್ಲ. ಆ 33 ಮೀಟರಿನಲ್ಲಿ ಒಂದು ರಿಕ್ಷಾ, ಎರಡು ಬೈಕು, ರಸ್ತೆ ದಾಟುವ ಒಬ್ಬ ಶಾಲೆ ಹುಡುಗ ಇರಬಹುದು.

ನನ್ನ ಅನುಭವ ಇಷ್ಟು. ಜೋಗೇಶ್ವರಿ ಪೂರ್ವದಲ್ಲಿ ಇದ್ದುಕೊಂಡು ಇಪ್ಪತ್ತೆಂಟು ವರ್ಷವಾಯಿತು. ಬ್ಯಾಂಕಿನ ಕೆಲಸಕ್ಕೆ ದಿನಾ ಲೋಕಲ್ ಟ್ರೈನು. ಕಾರು ತೆಗೆಯುವುದು ಶನಿವಾರ, ಭಾನುವಾರ, ಮತ್ತೆ ವರ್ಷಕ್ಕೊಮ್ಮೆ ಪನ್ವೇಲ್ ದಾಟಿ ಗೋವಾ ಹೈವೇ ಹಿಡಿದು ಊರಿಗೆ ಹೋಗುವಾಗ. ಕಳೆದ ಸರ್ವಿಸಿನಲ್ಲಿ ವರ್ಕ್‌ಶಾಪಿನವರು "ಮ್ಯಾಪ್ ಹಳೆಯದಾಗಿದೆ ಸಾರ್" ಅಂತ ಪೆನ್ ಡ್ರೈವ್ ಚುಚ್ಚಿ ಅಪ್‌ಡೇಟ್ ಮಾಡಿಕೊಟ್ಟರು. ಮ್ಯಾಪು ನಿಜವಾಗಿಯೂ ಚೆನ್ನಾಗಿ ಬಂತು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು, ಅದೇ ಮಾರ್ಚಿನಲ್ಲಿ ಶುರುವಾದ ಕೋಸ್ಟಲ್ ರೋಡ್, ಎಲ್ಲವೂ ಕಾಣಿಸಿದವು. ಆದರೆ ಮನೆಗೆ ಬರುವಾಗ ಲಿಂಕ್ ರೋಡಿನಲ್ಲಿ ನೋಡುತ್ತೇನೆ, ಸ್ಕ್ರೀನು ನನ್ನ ಬೆರಳಿಗೆ ಕ್ಯಾರೇ ಅನ್ನುತ್ತಿಲ್ಲ! ಒತ್ತಿದರೂ ಇಲ್ಲ, ತಟ್ಟಿದರೂ ಇಲ್ಲ. ಮೂರನೇ ಸಲಕ್ಕೆ ಬೇರೇನೋ ತೆರೆದುಕೊಳ್ಳುತ್ತದೆ. ಮಗ ಮುಟ್ಟಿದರೆ ಒಂದೇ ಸಲಕ್ಕೆ ಆಗುತ್ತದೆ. "ಪಪ್ಪಾ, ನಿಮ್ಮ ಬೆರಳೇ ಸರಿ ಇಲ್ಲ" ಅಂತ ಅವನ ತೀರ್ಪು.

ಮತ್ತೆ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಹುಡುಗ ಸ್ಕ್ರೀನನ್ನು ತಾನೇ ನಾಲ್ಕು ಸಲ ಮುಟ್ಟಿ ನೋಡಿ, "ಸಬ್ ಬರಾಬರ್ ಹೈ ಸಾಬ್, ಆದತ್ ಹೋ ಜಾಯೇಗಾ" ಅಂದ. ಅಭ್ಯಾಸ ಆಗಿಬಿಡುತ್ತದಂತೆ. ಮೊದಲು ಎಷ್ಟು ಒತ್ತಿದರೆ ಸಾಕಿತ್ತೋ ಆ ಹಳೆ ಸೆಟ್ಟಿಂಗ್ ವಾಪಸ್ ಕೊಡಿ ಅಂದರೆ ಅಂಥದ್ದೇನೂ ಮೆನುವಿನಲ್ಲಿ ಇಲ್ಲ ಅಂತ ಉತ್ತರ. ಅಪ್‌ಡೇಟಿನಲ್ಲಿ ಏನೇನು ಬದಲಾಗಿದೆ ಅಂತ ಕೇಳಿದರೆ ಒಂದು ಸಾಲು ತೋರಿಸಿದರು. ಮ್ಯಾಪ್ ಸುಧಾರಣೆ ಮತ್ತು ಸಣ್ಣಪುಟ್ಟ ದೋಷಗಳ ನಿವಾರಣೆ, ಅಷ್ಟೇ.

ಮುಟ್ಟುವುದಕ್ಕೂ ಸಾಫ್ಟ್‌ವೇರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಹಿಂದೆ ಗಾಜಿಗೆ ಅಂಟಿಸುತ್ತಿದ್ದ ಜಿಪಿಎಸ್ ಡಬ್ಬಿಗಳು ಜ್ಞಾಪಕ ಇವೆಯಲ್ಲ? ಅವುಗಳಲ್ಲಿ ಹೆಚ್ಚಿನವು ರೆಸಿಸ್ಟಿವ್ ಸ್ಕ್ರೀನುಗಳು. ಎರಡು ತೆಳು ಪದರ, ಮಧ್ಯೆ ಸ್ವಲ್ಪ ಜಾಗ. ಒತ್ತಿದಾಗ ಮೇಲಿನ ಪದರ ಕೆಳಗಿನದಕ್ಕೆ ತಾಗಬೇಕು, ಆಗ ಅದು ಮುಟ್ಟಿದ ಲೆಕ್ಕ. ಬೆರಳು, ಉಗುರು, ಪೆನ್ನಿನ ಮುಚ್ಚಳ ಯಾವುದಾದರೂ ಸರಿ. ಜಾಗ ತಪ್ಪಿ ಓದತೊಡಗಿದರೆ ಸ್ಕ್ರೀನಿನ ಮೇಲೆ ಮೂಡುವ ಗುರುತುಗಳನ್ನು ಒಂದೊಂದಾಗಿ ಒತ್ತಿ ನಾವೇ ಸರಿಮಾಡಿಕೊಳ್ಳಬಹುದಿತ್ತು.

2007ರಲ್ಲಿ ಐಫೋನ್ ಬಂದ ಮೇಲೆ ಕೆಪಾಸಿಟಿವ್ ಸ್ಕ್ರೀನುಗಳ ಕಾಲ. ಈಗ ಕಾರಿನಲ್ಲೂ ಹೆಚ್ಚಾಗಿ ಅವೇ. ಇಲ್ಲಿ ಒತ್ತಡದ ಮಾತೇ ಇಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ತಂತಿಗಳ ಜಾಲ ಇರುತ್ತದೆ, ಅದರಲ್ಲಿ ಸಣ್ಣ ವಿದ್ಯುತ್ ಕ್ಷೇತ್ರ. ನಮ್ಮ ಮೈ ವಿದ್ಯುತ್ ವಾಹಕ ಆದ್ದರಿಂದ ಬೆರಳು ಹತ್ತಿರ ಬಂದಾಗ ಆ ಕ್ಷೇತ್ರ ಸ್ವಲ್ಪ ಬದಲಾಗುತ್ತದೆ. ಒಂದು ಚಿಪ್ ಅದನ್ನು ಸೆಕೆಂಡಿಗೆ ಹತ್ತಾರು ಸಲ ಅಳೆಯುತ್ತಿರುತ್ತದೆ. ಎಷ್ಟು ಬದಲಾದರೆ ಅದು ಬೆರಳು, ಎಷ್ಟಕ್ಕಿಂತ ಕಡಿಮೆಯಾದರೆ ಲೆಕ್ಕಕ್ಕಿಲ್ಲ ಅನ್ನುವುದು ಆ ಚಿಪ್ಪಿನ ಸಾಫ್ಟ್‌ವೇರಿನಲ್ಲಿ ಬರೆದಿಟ್ಟ ಒಂದು ಗೆರೆ. ಆ ಗೆರೆ ಸ್ವಲ್ಪ ಮೇಲೆ ಹೋದರೆ ಸ್ಕ್ರೀನು ಮಂದ, ಸ್ವಲ್ಪ ಕೆಳಗೆ ಬಂದರೆ ವಿಪರೀತ ಚುರುಕು. ಗಾಜು ಅದೇ, ಬೆರಳು ಅದೇ. ನಡವಳಿಕೆ ಮಾತ್ರ ಬೇರೆ.

ಕಂಪನಿಯವರು ನಮಗೆ ಉಪದ್ರ ಕೊಡಬೇಕೆಂದೇ ಈ ಗೆರೆ ಸರಿಸುತ್ತಾರೆ ಅಂತ ನಾನು ಹೇಳುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ, ನೀರಿನ ಹನಿಗೆ, ಅಗ್ಗದ ಚಾರ್ಜರಿನ ಗದ್ದಲಕ್ಕೆ ಕೆಪಾಸಿಟಿವ್ ಸ್ಕ್ರೀನುಗಳು ಯಾರೂ ಮುಟ್ಟದಿದ್ದರೂ ಮುಟ್ಟಿದಂತೆ ಆಡುವುದುಂಟು. ಅದನ್ನು ತಡೆಯಲು ಗೆರೆಯನ್ನು ಮೇಲೆ ಏರಿಸುವುದು ಒಂದು ಉಪಾಯ. ಒಳ್ಳೆಯದೇ. ಆದರೆ ಆಗ ಒಣಗಿದ, ದೊರಗು ಚರ್ಮದ ಬೆರಳುಗಳು ಗೆರೆಯ ಆಚೆ ಉಳಿದುಬಿಡುತ್ತವೆ. ವಯಸ್ಸಾದವರ ಬೆರಳು, ಪಾತ್ರೆ ತೊಳೆದ ಬೆರಳು, ಮೂವತ್ತು ವರ್ಷ ನೋಟು ಎಣಿಸಿದ ಬೆರಳು.

ಬೆರಳನ್ನು ಯಂತ್ರ ಒಪ್ಪದಿದ್ದರೆ ಏನಾಗುತ್ತದೆ ಅಂತ ಬ್ಯಾಂಕಿನವರಾದ ನಮಗೆ ಚೆನ್ನಾಗಿ ಗೊತ್ತು. ಪಿಂಚಣಿದಾರರ ಡಿಜಿಟಲ್ ಜೀವನ ಪ್ರಮಾಣ ಪತ್ರ 2014ರ ನವೆಂಬರಿನಲ್ಲಿ ಬಂತು. ಹೆಬ್ಬೆಟ್ಟು ಇಟ್ಟರೆ ಸಾಕು, ಮನುಷ್ಯ ಬದುಕಿದ್ದಾನೆ ಅಂತ ದಾಖಲೆ. ಬಹಳ ಅನುಕೂಲ. ಆದರೆ ರೇಖೆ ಸವೆದ ಅಜ್ಜಿಯಂದಿರು ಕೌಂಟರಿನ ಮುಂದೆ ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟು, ಯಂತ್ರ ಒಪ್ಪದೆ ಮುಖ ಸಣ್ಣದು ಮಾಡಿಕೊಂಡದ್ದನ್ನು ನೋಡಿದ್ದೇನೆ. 2021ರಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆಯನ್ನೂ ಸೇರಿಸಿದರು. ಅಂದರೆ ಸರಕಾರ ಕೂಡ ಅಜ್ಜಿಗೆ "ಅಭ್ಯಾಸ ಮಾಡಿಕೊಳ್ಳಿ" ಅನ್ನಲಿಲ್ಲ, ಇನ್ನೊಂದು ದಾರಿ ಕೊಟ್ಟಿತು. ಲಕ್ಷಗಟ್ಟಲೆ ರೂಪಾಯಿ ತೆಗೆದುಕೊಂಡ ಕಾರಿನವರಿಗೆ ಯಾಕೆ ಆಗುವುದಿಲ್ಲ?

ಇದು ನಮ್ಮ ದೇಶದ್ದು ಮಾತ್ರವಲ್ಲ. 2018ರಲ್ಲಿ ಐಒಎಸ್ 11.3 ಬಂದ ಮೇಲೆ, ಹೊರಗಿನ ಅಂಗಡಿಗಳಲ್ಲಿ ಡಿಸ್‌ಪ್ಲೇ ಬದಲಿಸಿಕೊಂಡಿದ್ದ ಕೆಲವು ಐಫೋನ್ 8ಗಳು ಮುಟ್ಟಿದರೆ ಸ್ಪಂದಿಸದೇ ಹೋದವು. ಗಲಾಟೆಯಾಯಿತು. ಏಪ್ರಿಲಿನಲ್ಲಿ 11.3.1 ಕೊಟ್ಟು ಸರಿಪಡಿಸಿದರು, ಏನನ್ನು ಸರಿಪಡಿಸಿದ್ದೇವೆ ಅಂತ ಬರೆದೂ ಕೊಟ್ಟರು. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಟಚ್ ವ್ಯವಸ್ಥೆಯ ಮೇಲೆ ದೂರುಗಳು ಹೆಚ್ಚಿದಾಗ 2012ರಲ್ಲಿ ಸುಮಾರು ಎರಡೂವರೆ ಲಕ್ಷ ಮಾಲೀಕರ ಮನೆಗೆ ಹೊಸ ಸಾಫ್ಟ್‌ವೇರ್ ಇದ್ದ ಪೆನ್ ಡ್ರೈವ್ ಅಂಚೆಯಲ್ಲಿ ಕಳಿಸುವ ಕೆಲಸ ನಡೆಯಿತು. ಮುಂದೆ ಹಲವು ಮಾದರಿಗಳಿಗೆ ತಿರುಗುವ ಗುಂಡಿಗಳೂ ವಾಪಸ್ ಬಂದವು. ಗ್ರಾಹಕರು ಬಾಯಿ ಬಿಟ್ಟರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಇವೇ ಸಾಕ್ಷಿ.

ಸ್ವೀಡನ್ನಿನ ವಿ ಬಿಲಾಗಾರೆ ಅನ್ನುವ ಕಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಎಸಿ, ರೇಡಿಯೋ ಮುಂತಾದ ನಾಲ್ಕು ಸಣ್ಣ ಕೆಲಸ ಮಾಡಬೇಕು. ಗುಂಡಿಗಳಿದ್ದ 2005ರ ಹಳೇ ವೋಲ್ವೋದಲ್ಲಿ 10 ಸೆಕೆಂಡಿನಲ್ಲಿ ಮುಗಿಯಿತು, ಅಷ್ಟರಲ್ಲಿ ಕಾರು ಹೋದದ್ದು 306 ಮೀಟರ್. ಕೊನೆಯ ಸ್ಥಾನ ಪಡೆದ ಟಚ್ ಸ್ಕ್ರೀನ್ ಕಾರಿನಲ್ಲಿ ಸುಮಾರು 45 ಸೆಕೆಂಡ್, 1372 ಮೀಟರ್. ನೆನಪಿಡಿ, ಅದು ಚೆನ್ನಾಗಿ ಕೆಲಸ ಮಾಡುವ ಸ್ಕ್ರೀನು. ಕೆಟ್ಟುಹೋದದ್ದರ ಕತೆ ನೀವೇ ಊಹಿಸಿ.

ಇನ್ನೂ ಗಂಭೀರ ಉದಾಹರಣೆ ಬೇಕಾದರೆ ಸಮುದ್ರಕ್ಕೆ ಹೋಗಬೇಕು. 2017ರ ಆಗಸ್ಟಿನಲ್ಲಿ ಸಿಂಗಾಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತನಿಖೆಯಲ್ಲಿ ತರಬೇತಿಯ ಕೊರತೆಯ ಜೊತೆಗೆ ಗೊಂದಲ ಹುಟ್ಟಿಸುವ ಟಚ್ ಸ್ಕ್ರೀನ್ ನಿಯಂತ್ರಣದ ಮಾತೂ ಬಂತು. ವೇಗದ ನಿಯಂತ್ರಣಕ್ಕೆ ಮತ್ತೆ ಕೈಯಲ್ಲಿ ಹಿಡಿಯುವ ಲಿವರುಗಳನ್ನೇ ತರುತ್ತೇವೆ ಅಂತ ಅಲ್ಲಿನ ನೌಕಾಪಡೆ 2019ರಲ್ಲಿ ಹೇಳಿತು.

ಕೆಲವರು ಹೇಳುತ್ತಾರೆ, ಇಷ್ಟೆಲ್ಲ ಯಾಕೆ ಮಾರಾಯರೇ, ಅಪ್‌ಡೇಟ್ ಮಾಡಬೇಡಿ, ಮುಗಿಯಿತು. ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಜಿಪಿಎಸ್ ತನ್ನ ವಾರಗಳನ್ನು 1024ರ ತನಕ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹೀಗೆ ಆದಾಗ ಹಳೇ ಸಾಫ್ಟ್‌ವೇರ್ ಇದ್ದ ಕೆಲವು ಉಪಕರಣಗಳು ತಾರೀಕು ತಪ್ಪಿದವು. ರಸ್ತೆಗಳೂ ವರ್ಷ ವರ್ಷ ಬದಲಾಗುತ್ತವೆ. ಅಪ್‌ಡೇಟ್ ಬೇಕು. ಬೇಡದ್ದು, ಮ್ಯಾಪಿನ ಜೊತೆ ಹೇಳದೆ ಕೇಳದೆ ಒಳಗೆ ಬರುವ ಬೇರೆ ಬದಲಾವಣೆಗಳು.

ಇನ್ನು ಕೆಲವರು, ಫೋನ್ ಇಟ್ಟುಕೊಳ್ಳಿ ಅಂತಾರೆ. ಸರಿ, ಚಾಲಕನ ಗಮನ ಕೆಡದ ಹಾಗೆ ದಾರಿ ನೋಡಲು ಫೋನ್ ಬಳಸಬಹುದು ಅಂತ 2020ರ ಅಕ್ಟೋಬರಿನಿಂದ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಆದರೆ ಕಾರಿನೊಳಗೆ ಸ್ಕ್ರೀನಿಗೆಂದು ದುಡ್ಡು ಕೊಟ್ಟವನು ಇನ್ನೊಂದು ಸ್ಕ್ರೀನನ್ನು ಎದುರಿಗೆ ಸಿಕ್ಕಿಸಿಕೊಳ್ಳಬೇಕು ಅನ್ನುವುದು ಯಾವ ನ್ಯಾಯ? ಬಾಯಿಯಲ್ಲಿ ಹೇಳಿ ಅನ್ನುವವರೂ ಇದ್ದಾರೆ. ನನ್ನ ಕನ್ನಡ ಉಚ್ಚಾರದ "ಮಜಾಸ್ ವಾಡಿ" ಆ ಯಂತ್ರಕ್ಕೆ ಏನಂತ ಕೇಳಿಸುತ್ತದೋ ಆ ದೇವರೇ ಬಲ್ಲ.

ಬ್ಯಾಂಕಿನಲ್ಲಿ ಕ್ರೆಡಿಟ್ ಕಾರ್ಡಿನ ಶುಲ್ಕ ಬದಲಿಸಬೇಕಾದರೆ ಕನಿಷ್ಠ ಒಂದು ತಿಂಗಳು ಮೊದಲೇ ಗ್ರಾಹಕನಿಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ನೂರು ರೂಪಾಯಿಯ ಬದಲಾವಣೆಗೆ ಇಷ್ಟು ಶಿಸ್ತು. ಜೀವದ ಪ್ರಶ್ನೆ ಇರುವ ಸ್ಕ್ರೀನಿಗೆ ಅರ್ಧ ಸಾಲಿನ ಸೂಚನೆ!

ಹಾಗಾಗಿ ನನ್ನ ಬೇಡಿಕೆ ನಾಲ್ಕೇ. ಒಂದು, ಅಪ್‌ಡೇಟಿನಲ್ಲಿ ಸ್ಕ್ರೀನಿನ ಸ್ಪರ್ಶ ಬದಲಾಗುವುದಿದ್ದರೆ ಅದನ್ನು ಸರಳ ಭಾಷೆಯಲ್ಲಿ ಮೊದಲೇ ಹೇಳಬೇಕು. ಎರಡು, ಹೆಚ್ಚು, ಮಧ್ಯಮ, ಕಡಿಮೆ ಅಂತ ಆಯ್ಕೆ ಮೆನುವಿನಲ್ಲಿ ಇರಬೇಕು. ಹಲವು ಫೋನುಗಳಲ್ಲಿ ಸ್ಪರ್ಶ ಚುರುಕುಗೊಳಿಸುವ ಸೆಟ್ಟಿಂಗ್ ಈಗಾಗಲೇ ಇರುವಾಗ ಇದೇನೂ ರಾಕೆಟ್ ವಿದ್ಯೆಯಲ್ಲ. ಮೂರು, ಭದ್ರತೆಯ ಕಾರಣಕ್ಕೆ ಇಡೀ ಸಾಫ್ಟ್‌ವೇರ್ ಹಿಂದಕ್ಕೆ ಕೊಡಲು ಆಗದಿದ್ದರೆ ಬೇಡ, ಸ್ಪರ್ಶದ ಹಳೆ ಲೆಕ್ಕವನ್ನಾದರೂ ಒಂದು ತಿಂಗಳವರೆಗೆ ವಾಪಸ್ ಪಡೆಯಲು ಬಿಡಬೇಕು. ನಾಲ್ಕು, ಅಗತ್ಯದ ಕೆಲಸಗಳಿಗೆ ಕೈಗೆ ಸಿಗುವ ಗುಂಡಿ ಇರಬೇಕು. ಯುರೋಪಿನ ಎನ್‌ಕ್ಯಾಪ್ ಸಂಸ್ಥೆ 2026ರ ಪರೀಕ್ಷೆಗಳಲ್ಲಿ ಇಂಡಿಕೇಟರ್, ಹಾರ್ನ್, ವೈಪರ್ ಇವಕ್ಕೆ ಪ್ರತ್ಯೇಕ ಗುಂಡಿಗಳನ್ನು ಬಯಸುತ್ತದೆ. ನಮ್ಮಲ್ಲೂ 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಇದೆಯಲ್ಲ, ಅವರೂ ಇದನ್ನು ಗಮನಿಸಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಅಪ್‌ಡೇಟಿಗೆ ಮೊದಲು ಹಳೆಯ ವರ್ಶನ್ ನಂಬರಿನ ಫೋಟೋ ತೆಗೆದಿಡಿ. ಸ್ಕ್ರೀನು ಹೇಗೆ ಕೆಲಸ ಮಾಡುತ್ತಿದೆ ಅಂತ ಅರ್ಧ ನಿಮಿಷದ ವೀಡಿಯೋ ಮಾಡಿಡಿ. ಆಮೇಲೆ ತೊಂದರೆ ಬಂದರೆ ಮೊದಲು ಸ್ಕ್ರೀನ್ ಗಾರ್ಡ್ ತೆಗೆದು, ಚಾರ್ಜರ್ ಕಳಚಿ, ಗಾಜು ಒರೆಸಿ ನೋಡಿ. ಆದರೂ ಸರಿಹೋಗದಿದ್ದರೆ ಬಾಯಿಮಾತಿಗೆ ನಿಲ್ಲಬೇಡಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಬರೆದದ್ದಕ್ಕೆ ಮಾತ್ರ ಬೆಲೆ, ಇದು ನಾನು ಬ್ಯಾಂಕಿನಲ್ಲಿ ಕಲಿತ ಮೊದಲ ಪಾಠ. ಮುಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 2020ರಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ.

ಪರವೂರಿಗೆ ಬಂದ ನಾವು ಹೊಂದಿಕೊಳ್ಳುವುದರಲ್ಲಿ ಪಳಗಿದವರು. ಭಾಷೆಗೆ, ನೀರಿಗೆ, ಟ್ರೈನಿನ ನೂಕುನುಗ್ಗಲಿಗೆ, ಎಲ್ಲಕ್ಕೂ ಹೊಂದಿಕೊಂಡೆವು. ಅದು ನಮ್ಮ ಹೊಟ್ಟೆಪಾಡು. ಆದರೆ ದುಡ್ಡು ಕೊಟ್ಟು ಕೊಂಡ ವಸ್ತು ನಮಗೆ ಹೊಂದಿಕೊಳ್ಳಬೇಕೇ ಹೊರತು ನಾವು ಅದಕ್ಕಲ್ಲ. ಏನಂತೀರಿ?