ಕೋಣೆ ನನ್ನದು, ಬೀಗದ ಕೈ ಅವರದು

ಕಳೆದ ವರ್ಷ ಕೊಲ್ಲಿ ರಾಷ್ಟ್ರದಿಂದ ರಜೆಗೆ ಬಂದಿದ್ದ ಯುವಕನೊಬ್ಬ ಭಾನುವಾರದ ಬಲಿಪೂಜೆಯ ನಂತರ ತನ್ನ ಮೊಬೈಲಿನಲ್ಲಿ ನನಗೊಂದು ಕೋಣೆಯನ್ನು ತೋರಿಸಿದ. ಹೊಳೆಯುವ ನೆಲ, ಗೋಡೆಯುದ್ದಕ್ಕೂ ದೀಪ, ಪೀಠಗಳ ಮೇಲೆ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ಬೊಂಬೆಗಳು. ಬೆರಳಾಡಿಸಿದರೆ ಅವು ತಿರುಗುತ್ತವೆ. "ಇದೆಲ್ಲ ನನ್ನದೇ, ಫಾದರ್" ಎಂದ. ಪಕ್ಕದಲ್ಲಿದ್ದ ತಂದೆ ಬೆಲೆ ಕೇಳಿ ಮೌನವಾದರು.

ಬೆಲೆಯ ಮಾತು ಹಾಗಿರಲಿ. ನನ್ನ ತಕರಾರು "ನನ್ನದು" ಎಂಬ ಪದದ ಮೇಲೆ.

ಈ ವ್ಯಾಪಾರದಲ್ಲಿ ಹೆಸರಾದುದು 2020ರಲ್ಲಿ ಆರಂಭವಾದ 'ವೀವೀ' ಎಂಬ ಆ್ಯಪ್. ಡಿಸ್ನಿ, ಮಾರ್ವೆಲ್, ಡಿಸಿ ಮುಂತಾದ ಸಂಸ್ಥೆಗಳಿಂದ ಪರವಾನಗಿ ಪಡೆದು ಅದು ಬೊಂಬೆಗಳ ಡಿಜಿಟಲ್ ರೂಪಗಳನ್ನು ಮಾರುತ್ತದೆ. ಒಂದು ಡಾಲರಿಗೆ ಒಂದು 'ಜೆಮ್' ಲೆಕ್ಕದಲ್ಲಿ ಅಲ್ಲಿಯದೇ ನಾಣ್ಯ. ಪ್ರತಿ ಬೊಂಬೆಗೂ ಕ್ರಮಸಂಖ್ಯೆ, ಸಾಮಾನ್ಯದಿಂದ ಅತಿ ವಿರಳದವರೆಗೆ ದರ್ಜೆ. ಕೊಂಡವುಗಳನ್ನು ಜೋಡಿಸಿಡಲು ಸ್ವತಃ ಅಲಂಕರಿಸಬಹುದಾದ 'ಶೋರೂಂ'. ಎಷ್ಟೋ ಬೊಂಬೆಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತವೆ. ಯಾವುದು ದೊರಕೀತೆಂದು ತಿಳಿಯುವುದು ಹಣ ತೆತ್ತ ಮೇಲೆಯೇ. ಜಾತ್ರೆಯಲ್ಲಿ ಇದನ್ನು ಲಾಟರಿ ಎನ್ನುತ್ತೇವೆ. ಮೊಬೈಲಿನೊಳಗೆ ಇದರ ಹೆಸರು ಹವ್ಯಾಸ!

ಬೊಂಬೆಯ ರೂಪದ ಹಕ್ಕು ಮೂಲ ಸಂಸ್ಥೆಯದೇ. ಕೊಂಡವನಿಗೆ ದೊರಕುವುದು ನೋಡುವ, ಪ್ರದರ್ಶಿಸುವ, ಮರುಮಾರಾಟ ಮಾಡುವ ಅನುಮತಿ. ಅದೂ ಷರತ್ತುಗಳಿಗೆ ಒಳಪಟ್ಟು. ಶೋರೂಮಂತೂ ಕಂಪನಿಯ ಆ್ಯಪಿನೊಳಗೆ ಮಾತ್ರ ಜೀವಿಸುತ್ತದೆ. ಚಿತ್ರದ ನಕಲನ್ನು ಯಾರು ಬೇಕಾದರೂ ಬಿಡಿಗಾಸಿಲ್ಲದೆ ನೋಡಬಹುದಾಗಿರುವಾಗ ಇಲ್ಲಿ ಬೆಲೆ ಕಟ್ಟಿರುವುದು ಯಾವುದಕ್ಕೆ? ಚೆಲುವಿಗಲ್ಲ, ಇತರರ ಬಳಿ ಇಲ್ಲದಿರುವಿಕೆಗೆ. ಗಣಕಯಂತ್ರದಲ್ಲಿ ಸಹಜವಾಗಿ ಅಕ್ಷಯವಾಗಿರುವ ವಸ್ತುವಿಗೆ ಕೃತಕ ಬರ ತಂದು, ಆ ಬರವನ್ನೇ ಮಾರುವುದು ನನಗೆ ಅಸಹ್ಯವಾಗಿ ತೋರುತ್ತದೆ.

"ಫಾದರ್, ಇದಕ್ಕೆ ನುಸಿಯೂ ಇಲ್ಲ, ತುಕ್ಕೂ ಇಲ್ಲ" ಎಂದು ಆ ಯುವಕ ಶುಭಸಂದೇಶವನ್ನೇ ನನ್ನತ್ತ ತಿರುಗಿಸಿದ. ಜಾಣ ಮಾತು. ಆದರೆ ಸ್ಟಾರ್ ಟ್ರೆಕ್, ನಿಕಲೋಡಿಯನ್ ಪಾತ್ರಗಳನ್ನು ಪರವಾನಗಿ ಪಡೆದು ಮಾರುತ್ತಿದ್ದ 'ರಿಕರ್' ಎಂಬ ಸಂಸ್ಥೆ 2023ರಲ್ಲಿ ಬಾಗಿಲು ಹಾಕಿತು. ಬಂಡವಾಳ ಬತ್ತುವುದೇ ಇಲ್ಲಿನ ತುಕ್ಕು. ಲೂಕನ ಶುಭಸಂದೇಶದ ಆ ಶ್ರೀಮಂತ ಮೂಢನಾದರೂ ದೊಡ್ಡ ಕಣಜ ಕಟ್ಟಿಸಲು ಬಯಸಿದ್ದು ನಿಜವಾದ ಧಾನ್ಯಕ್ಕಾಗಿ.

ಸಂಗ್ರಹಿಸುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಪೂಜಾಪುಸ್ತಕದ ನಡುವೆ ಸಂತರ ಚಿತ್ರಪಟಗಳನ್ನು ಕೂಡಿಡದ ಅಜ್ಜಿಯರುಂಟೇ? ಧರ್ಮಸಭೆಯೂ ಸಂತರ ಪವಿತ್ರ ಅವಶೇಷಗಳನ್ನು ಕಾಪಾಡಿಕೊಂಡು ಬಂದಿದೆ. ಮಧ್ಯಯುಗದಲ್ಲಿ ಅವುಗಳ ವ್ಯಾಪಾರದ ಕಳಂಕವನ್ನೂ ಹೊತ್ತಿದೆ. ಅವಶೇಷಗಳನ್ನು ಮಾರುವುದು ಸಂಪೂರ್ಣ ನಿಷಿದ್ಧವೆಂದು ಧರ್ಮಸಭೆಯ ಕಾನೂನಿನ 1190ನೇ ವಿಧಿ ಇಂದು ಹೇಳುತ್ತದೆ. ಈ ವಿಷಯದಲ್ಲಿ ನಾವು ಎಡವಿ ಕಲಿತವರು. ಆದುದರಿಂದಲೇ ಮಾತನಾಡುವ ಅಧಿಕಾರ ತುಸುವಾದರೂ ಇದೆ.

ತಂತ್ರಜ್ಞಾನವನ್ನು ದೂರುವ ಮುದುಕನೆಂದೂ ನನ್ನನ್ನು ತಳ್ಳಿಹಾಕಬೇಡಿ. ಇಟಲಿಯ ಬಾಲಕ ಕಾರ್ಲೊ ಅಕ್ಯುಟಿಸ್ ಕೂಡ ಗಣಕಯಂತ್ರದಲ್ಲಿ ಪ್ರದರ್ಶನವೊಂದನ್ನು ಕಟ್ಟಿದ. ಲೋಕದ ನಾನಾ ಕಡೆಗಳ ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿ, ಚಿತ್ರ ವಿವರಗಳೊಡನೆ ಜೋಡಿಸಿ, ಅಂತರಜಾಲದಲ್ಲಿ ತೆರೆದಿಟ್ಟ. 2006ರಲ್ಲಿ 15ನೇ ವಯಸ್ಸಿನಲ್ಲಿ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ಅವನ ಪ್ರದರ್ಶನಕ್ಕೆ ಕ್ರಮಸಂಖ್ಯೆಯಿಲ್ಲ, ದರ್ಜೆಯಿಲ್ಲ, ಪ್ರವೇಶ ಶುಲ್ಕವಿಲ್ಲ. ಸಾವಿರ ಮಂದಿ ನೋಡಿದರೂ ಅದರ ಮೌಲ್ಯ ಎಳ್ಳಷ್ಟೂ ಇಳಿಯುವುದಿಲ್ಲ.

ತಂದೆತಾಯಂದಿರೇ, ಮಕ್ಕಳನ್ನು ಗದರಿಸಿ ಮೊಬೈಲು ಕಿತ್ತುಕೊಳ್ಳಿರೆಂದು ನಾನು ಹೇಳಲಾರೆ. ಅವರು ಕಟ್ಟಿದ ಕೋಣೆಯನ್ನು ಮೊದಲು ನೋಡಿ. ಬಣ್ಣ, ಬೆಳಕು, ಜೋಡಣೆಗಳಲ್ಲಿ ಎಷ್ಟೋ ವೇಳೆ ನಿಜವಾದ ಪ್ರತಿಭೆ ಇರುತ್ತದೆ. ಬಳಿಕ ಖರೀದಿಯ ಷರತ್ತುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ.

ಆ ಯುವಕನಿಗೆ ಅಂದು ಇಷ್ಟೆಲ್ಲ ಹೇಳಲು ನನ್ನಿಂದಾಗಲಿಲ್ಲ. ಅವನ ಮುಖದಲ್ಲಿ ಸಂತೋಷವಿತ್ತು, ನಾಮಕರಣದ ಸಿದ್ಧತೆಗೆ ಬಂದವರು ಕಾಯುತ್ತಿದ್ದರು. ಅವನ ಮನೆಗೆ ಈ ಪತ್ರಿಕೆ ತಿಂಗಳು ತಪ್ಪದೆ ಹೋಗುತ್ತದೆ. ತಂದೆ ಅವನಿಗೆ ಫೋನಿನಲ್ಲಿ ಓದಿ ಹೇಳಿಯಾರು.