ಕಾರಿನ ಪೊರೆ, ಹಳ್ಳದ ನೀರು

ಹಾವು ಕಳಚಿದ ಪೊರೆ ಒಂದೆರಡು ಮಳೆಗೆ ಮಣ್ಣಾಗುತ್ತದೆ. ಕಾರು ಕಳಚಿದ ಪೊರೆಗೆ ಆ ಭಾಗ್ಯವಿಲ್ಲ.

ಬಣ್ಣಕ್ಕೆ ಗೀರು ಬೀಳದಿರಲೆಂದು ಕಾರಿನ ಮೈಗೆ ಅಂಟಿಸುವ ಪಾರದರ್ಶಕ ಹಾಳೆಯ ಮೂಲ ಇರುವುದು ಯುದ್ಧಭೂಮಿಯಲ್ಲಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಗಳನ್ನು ಮರಳು, ಚೂರುಗಳಿಂದ ಕಾಯಲು ಅದು ಬಳಕೆಗೆ ಬಂತು. ಈಗ ಘಟ್ಟದ ಜಲ್ಲಿರಸ್ತೆಯ ಕಾರುಗಳಿಗೂ ಅದೇ ಹೊದಿಕೆ. ದಪ್ಪ ಸುಮಾರು 0.2 ಮಿಲಿಮೀಟರ್. ಉತ್ತಮವಾದದ್ದು ಪಾಲಿಯುರೇಥೇನ್, ಅಗ್ಗದ್ದು ಪಿವಿಸಿ. ಬಿಸಿಲಿಗೆ ಕೆಲವು ವರ್ಷ ಬೆಂದ ಮೇಲೆ ಎರಡೂ ಹಳದಿಗಟ್ಟುತ್ತವೆ, ಬಿರುಕು ಬಿಡುತ್ತವೆ, ಆಗ ಕೀಳಲೇಬೇಕು.

ಕೀಳುವ ಕ್ರಮ ತಾಳ್ಮೆಯದು. ಹಬೆಯಿಂದಲೋ ಬಿಸಿಗಾಳಿಯಿಂದಲೋ ಹದವಾಗಿ ಬಿಸಿ ಮಾಡಿ, ಒಂದು ಮೂಲೆ ಎಬ್ಬಿಸಿ, ಹಾಳೆಯನ್ನು ಮೈಗೆ ಒರಗಿದಂತೆಯೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ನೆಟ್ಟಗೆ ಮೇಲಕ್ಕೆ ಜಗ್ಗಿದರೆ ಹಾಳೆ ಹರಿದು ಚೂರಾಗುತ್ತದೆ; ಗ್ಯಾರೇಜಿನಲ್ಲಿ ಮರುಬಣ್ಣ ಬಳಿದ ಭಾಗವಾದರೆ ಬಣ್ಣವೂ ಕಿತ್ತುಬರಬಹುದು. ಲೋಹದ ಅಲಗು ಬೇಡ. ಉಳಿದ ಅಂಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆ ಸಾಕು.

ತೊಡಕಿರುವುದು ಆಮೇಲೆ. ಅವಸರದವರು ಥಿನ್ನರ್ ಸುರಿದು ಉಜ್ಜಿ, ಗಾಡಿಯನ್ನು ಹಳ್ಳದ ದಡಕ್ಕೇ ಒಯ್ದು ತೊಳೆಯುತ್ತಾರೆ. ಥಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲ್ವೀನ್ ಮೀನಿಗೆ ವಿಷ. ಕಿತ್ತಳೆ ಸಿಪ್ಪೆಯ ಎಣ್ಣೆಯಿಂದಾದ ದ್ರಾವಣ 'ನೈಸರ್ಗಿಕ'ವೆಂದು ನೆಮ್ಮದಿಪಡುವವರಿಗೂ ಒಂದು ಮಾತು: ಅದರ ಲಿಮೊನೀನ್ ಸಹ ಜಲಚರಗಳಿಗೆ ಹಾನಿಕರವೇ.

ಹಾಳೆಯ ಗತಿ ಏನು? ಅಡಿಕೆ ಬೆಳೆಗಾರರಿಗೆ ಈ ಪ್ರಶ್ನೆ ಹೊಸದಲ್ಲ. ಕೊಳೆರೋಗ ತಡೆಯಲು ಹಿಂದೆ ಗೊನೆಗೆ ಕಟ್ಟುತ್ತಿದ್ದ ಕರಡದ ಕೊಟ್ಟೆ ಕೊನೆಗೆ ಗೊಬ್ಬರದ ಗುಂಡಿ ಸೇರುತ್ತಿತ್ತು. ಪ್ಲಾಸ್ಟಿಕ್ ಕೊಟ್ಟೆ ಬಂದ ಮೇಲೆ ಅದರ ಚೂರು ಕಾದಿಗೆಯಲ್ಲಿ ಸಿಕ್ಕಿತು, ಇಲ್ಲವೇ ದರಕಿನೊಡನೆ ಬೆಂಕಿಗೆ ಬಿತ್ತು. ಕಾರಿನ ಹಾಳೆಗೂ ಅದೇ ದಾರಿ ತೋರಿಸಿದರೆ ಅಪಾಯ ದೊಡ್ಡದು. ಪಾಲಿಯುರೇಥೇನ್ ಉರಿದರೆ ಹೈಡ್ರೋಜನ್ ಸಯನೈಡ್ ಹೊಮ್ಮುತ್ತದೆ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್, ಜೊತೆಗೆ ಡಯಾಕ್ಸಿನ್. ಡಯಾಕ್ಸಿನ್ ಬೂದಿಯೊಡನೆ ನೆಲ ಸೇರಿ, ಹುಲ್ಲಿನ ಮೂಲಕ ಹಸುವಿನ ಹಾಲಿಗೂ ಬರಬಲ್ಲದು. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ನಿಷೇಧಿಸಿ ದಂಡ ಗೊತ್ತುಮಾಡಿದೆ. ಆದರೂ ಸಂಜೆಯ ಹೊಗೆ ನಿಂತಿಲ್ಲ.

ಅಂಟು ಮೆತ್ತಿದ ಹಾಳೆಯನ್ನು ಗುಜರಿಯವರು ಕೊಳ್ಳಲಾರರು. ಹಾಗಾಗಿ ಅಂಟಿಸಿ ಹಣ ಪಡೆದವರೇ ಕಿತ್ತದ್ದನ್ನೂ ಹಿಂದಕ್ಕೆ ಪಡೆಯಬೇಕು. ಅಂಟಿನ ಬಟ್ಟೆ, ತೊಳೆದ ದ್ರಾವಣಗಳನ್ನು ಮುಚ್ಚಿದ ಡಬ್ಬದಲ್ಲಿ ಇಡಬೇಕು. ಗ್ಯಾರೇಜುಗಳಿಗೆ ಪರವಾನಗಿ ಕೊಡುವಾಗ ಪಂಚಾಯಿತಿಗಳು ಈ ಷರತ್ತು ಬರೆಯಲು ಅಡ್ಡಿಯೇನು? ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು, ಹಳ್ಳದ ಕೆಳಪಾತಳಿಯ ಮನೆಗಳವರು ಮೊದಲು.