ಕೈಗೆ ಮಡಿ, ಜೇಬಿಗೆ ಮದ್ದುಗುಂಡು!



ತಟಸ್ಥ ಅಂದರೆ ತಟದಲ್ಲಿ, ದಡದಲ್ಲಿ ನಿಂತವನು. 1815ರಲ್ಲಿ ಯುರೋಪಿನ ದೊಡ್ಡ ದೇಶಗಳು ಸ್ವಿಟ್ಜರ್ಲೆಂಡಿನ ತಟಸ್ಥನೀತಿಗೆ ಮುದ್ರೆ ಒತ್ತಿದವು. ರೆಡ್ ಕ್ರಾಸ್ ಹುಟ್ಟಿದ್ದೂ ಅಲ್ಲಿಯ ಜಿನೀವಾದಲ್ಲೇ. ಒಳ್ಳೆಯದು. ಆದರೆ ದಡದಲ್ಲಿ ನಿಂತವನ ಜೇಬಿನಲ್ಲಿ ಏನಿದೆ ಅಂತ ಕೇಳುವವರು ಯಾರು?

ಕೇಳಿದರು, ಅಲ್ಲಿಯ ಯುವಜನರೇ ಕೇಳಿದರು. ಗ್ರೀನ್ ಪಕ್ಷದ ಹುಡುಗ ಹುಡುಗಿಯರು, ಸೈನ್ಯವೇ ಬೇಡ ಅನ್ನುವ ಒಂದು ಗುಂಪಿನ ಜೊತೆ ಸೇರಿ ಸಹಿ ಕೂಡಿಸಿದರು. ಆ ದೇಶದಲ್ಲಿ 18 ತಿಂಗಳೊಳಗೆ 1 ಲಕ್ಷ ಸಹಿ ಕೂಡಿದರೆ ಸಂವಿಧಾನ ತಿದ್ದುವ ಪ್ರಶ್ನೆಯನ್ನು ಜನರ ಮತಕ್ಕೆ ಹಾಕುತ್ತಾರೆ. ಅವರ ಬೇಡಿಕೆ ಇಷ್ಟೇ: ರಾಷ್ಟ್ರೀಯ ಬ್ಯಾಂಕು, ಪ್ರತಿಷ್ಠಾನಗಳು, ಪಿಂಚಣಿ ನಿಧಿಗಳು ಯುದ್ಧಸಾಮಗ್ರಿ ಮಾಡುವ ಕಂಪನಿಗಳಿಗೆ ಹಣ ಹಾಕಕೂಡದು. ವರ್ಷದ ವಹಿವಾಟಿನಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಯುದ್ಧಸಾಮಗ್ರಿಯಿಂದ ಬಂದರೆ ಅದು ಅಂಥ ಕಂಪನಿ.

ಸರ್ಕಾರವೂ ಪಾರ್ಲಿಮೆಂಟೂ ಬೇಡ ಅಂದವು. ಪಿಂಚಣಿಯ ಲಾಭ ಕುಗ್ಗುತ್ತೆ, ಸಣ್ಣ ಕಾರ್ಖಾನೆಗಳಿಗೆ ಪೆಟ್ಟು ಬೀಳುತ್ತೆ, ನಾವು ಬಿಟ್ಟರೆ ಯುದ್ಧ ನಿಲ್ಲುತ್ತಾ ಅಂದವು. ಅಣುಬಾಂಬು, ನೆಲಬಾಂಬುಗಳಂಥ ನಿಷಿದ್ಧ ಆಯುಧಗಳಿಗೆ ನೇರವಾಗಿ ಹಣ ಕೊಡುವುದನ್ನು ಕಾನೂನು 2013ರಿಂದಲೇ ತಡೆದಿದೆ ಅಂದವು. ನೇರವಾಗಿ! ಷೇರು ಕೊಂಡರೆ ಅದು ಪರೋಕ್ಷ. ಈ ತಡೆಯಿಂದ ನುಣುಚಿಕೊಳ್ಳಲೆಂದೇ ಕೊಂಡಿದ್ದರೆ ಮಾತ್ರ ತಪ್ಪು.

ಈ ನ್ಯಾಯ ನಮಗೆ ಹೊಸದೇ? ಸತ್ತ ದನ ಮುಟ್ಟದವರು ಚಪ್ಪಲಿ ಮೆಟ್ಟುತ್ತಾರೆ. ತೊಗಲು ಹದ ಮಾಡಿದವನಿಗೆ ಮೈಲಿಗೆ, ಮೆಟ್ಟಿದವನಿಗೆ ಮಡಿ! ‘ನಾನೊಬ್ಬ ಬಿಟ್ಟರೆ ಏನಾಗುತ್ತೆ’ ಅನ್ನೋ ಮಾತನ್ನಂತೂ ಜಾತಿ ಬಿಡಲಾರದವರ ಬಾಯಲ್ಲಿ ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ.

ಎರಡನೇ ಮಹಾಯುದ್ಧದಲ್ಲಿ ಇದೇ ದೇಶದ ಓರ್ಲಿಕಾನ್ ಕಾರ್ಖಾನೆ ಹಿಟ್ಲರನ ಸೈನ್ಯಕ್ಕೆ ವಿಮಾನ ಹೊಡೆಯುವ ತೋಪು ಮಾರಿತು. 2022ರಲ್ಲಿ, ತನ್ನಲ್ಲಿ ತಯಾರಾದ ಗುಂಡುಗಳನ್ನು ಜರ್ಮನಿ ಉಕ್ರೇನಿಗೆ ಕೊಡುತ್ತೇನೆ ಅಂದಾಗ ಮಾತ್ರ ತಟಸ್ಥನೀತಿ ನೆನಪಾಯಿತು, ಒಪ್ಪಿಗೆ ಕೊಡಲಿಲ್ಲ. ಗುಂಡು ಹೊರಗೆ ಹೋಗಲು ಅಡ್ಡ ಬರುವ ನೀತಿ, ಗುಂಡಿನ ಲಾಭ ಒಳಗೆ ಬರಲು ಯಾಕೆ ಅಡ್ಡ ಬರಲ್ಲ?

2020ರ ನವೆಂಬರ್ 29ರಂದು ಮತದಾನವಾಯಿತು. ಬೇಡ ಅಂದವರು ಶೇಕಡಾ 57.5. ಬೇಕು ಅಂದವರು 42.5. ಆ ಯುವಜನರು ಸೋತರು. ಆದರೆ ನೆನಪಿಡಿ: ಮತ ಹಾಕಿದ ನೂರು ಜನರಲ್ಲಿ ನಲವತ್ತೆರಡು ಜನ, ನಮ್ಮ ಮುಪ್ಪಿನ ಅನ್ನದಲ್ಲಿ ಇನ್ನೊಬ್ಬರ ರಕ್ತ ಬೇಡ ಅಂದರು. ಸರ್ಕಾರ ಹೇಳಿದ್ದನ್ನು ಧಿಕ್ಕರಿಸಿ ಅಂದರು. ಇದು ಸಣ್ಣ ಮಾತಲ್ಲ.

ಸಾರ್ವಜನಿಕರ ಹಣ ಎಲ್ಲಿಗೆ ಹೋಗುತ್ತೆ ಅಂತ ಕೇಳೋದು ದೇಶದ್ರೋಹವಲ್ಲ, ಹಕ್ಕು. ತಟಸ್ಥ ಅನ್ನಿಸಿಕೊಳ್ಳಲು ಕೈ ತೊಳೆದರೆ ಸಾಲದು, ಜೇಬನ್ನೂ ಝಾಡಿಸಬೇಕು. ದೇಶವಾಗಲಿ ಮನುಷ್ಯನಾಗಲಿ, ‘ನಾನು ಯಾರ ಕಡೆಯೂ ಅಲ್ಲ’ ಅಂದರೆ ನಾವು ಮೊದಲು ಕೇಳಬೇಕಾದದ್ದು ಒಂದೇ:

ಲೆಕ್ಕದ ಪುಸ್ತಕ ತೋರಿಸು!